ಸಮಸ್ಯೆ: ರಾಟೆಯ ತಿರುಪಲ್ಕೆ ನೂಲು ನೀರಾದುದಲಾ

ಸಭಾಪತಿ: ಈ ವಾರದ ಸಮಸ್ಯೆ ಮೇಲಿದೆ; ಅದೇ ಕೊನೆಯ ಸಾಲಾಗುವಂತೆ ಪದ್ಯ ಕಟ್ಟಬೇಕು. ಗಾಂಧೀಜಿಯನ್ನು ಕರೆತರುವವರು ಸರದಿಯಲ್ಲಿ ನಿಲ್ಲಬೇಕಾಗಿ ವಿನಂತಿ.

ಬಯಲುಸೀಮೆ:
ತೋಟದ ಬಾವಿಯು ಬತ್ತಲ್
ಸಾಟಿಗೆ ನೂಲಿತ್ತು ಕೊಡವ ತುಂಬಿಸಿಕೊಂಡಳ್
ಕಾಟದ ಬರದೊಳ್ ಮುದುಕಿಯ
ರಾಟೆಯ ತಿರುಪಲ್ಕೆ ನೂಲು ನೀರಾದುದಲಾ

ಸಭಾಪತಿ: ಚೆನ್ನಾಗಿದೆ.

ಕಂದಪ್ರಿಯ: ನನ್ನದೂ ಒಂದು. ಗುರುಲಘುಗಳು ಕನ್ನಡಕ ಒರೆಸಿಕೊಂಡು ಓದಲಿ.
ಘಾಟಿ ಗಡತ್ತೆಯು ಬೆಸಸಲ್
ಪೇಟೆಯ ಸೊಸೆ ರಾಟೆಚಕ್ರಮಂ ಪಿಡಿದೆಳೆದಳ್
ಕೋಟೆಯ ಬಾವಿಯ ದಡದೊಳ್
ರಾಟೆಯ ತಿರುಪಲ್ಕೆ ನೂಲು ನೀರಾದುದಲಾ

ಗುರುಲಘು: ಒರೆಸಿಕೊಂಡೇ ಓದಿದೆ. ಸೊಸೆಗೆ ರಾಟೆ ಗೊತ್ತಿಲ್ಲ, ಸರಿ. ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದರೆ ಅರಿಸಮಾಸದ ದೋಷವೆಂದು ಕವಿಗೂ ಗೊತ್ತಿಲ್ಲವೇ? "ರಾಟೆಚಕ್ರ"ವಂತೆ!

ಕಂದಪ್ರಿಯ: ಬರುತ್ತೀರೆಂದು ಗೊತ್ತಿತ್ತು. ಸ್ವಾಮಿ, ರಾಟೆ ಎಲ್ಲಿಂದ ಬಂತು? ಸಂಸ್ಕೃತದ ಅರಘಟ್ಟ, ಅಂದರೆ ಬಾವಿಯಿಂದ ನೀರೆತ್ತುವ ಗಡಿಗೆಗಳ ಚಕ್ರ, ಪ್ರಾಕೃತದಲ್ಲಿ ಅರಹಟ್ಟ, ರಹಟ್ಟ ಆಯಿತು. ಹಿಂದಿಯ ರಹಟ್, ಮರಾಠಿಯ ರಹಾಟ, ನಮ್ಮ ರಾಟೆ, ರಾಟಣ ಎಲ್ಲ ಅದರ ಸಂತಾನ. ಸಂಸ್ಕೃತದ ಮಗಳು ಸಂಸ್ಕೃತದ ಚಕ್ರವನ್ನು ಕೈಹಿಡಿದರೆ ನಿಮಗೇನು ಕಷ್ಟ?

ಗುರುಲಘು: ಆ ಮಗಳನ್ನು ಕನ್ನಡಕ್ಕೆ ಕೊಟ್ಟು ಶತಮಾನಗಳಾದವು. ತದ್ಭವವಾದ ಮೇಲೆ ಅದು ಕನ್ನಡದ ಪದ. ನಿಮ್ಮ ವ್ಯುತ್ಪತ್ತಿ ನನ್ನ ಆಕ್ಷೇಪಕ್ಕೇ ಸಾಕ್ಷಿ ಹೇಳುತ್ತಿದೆ.

ಬಯಲುಸೀಮೆ: ನಮ್ಮ ಕಡೆ ಬಾವಿಯದು ಗಡಗಡೆ, ರಾಟೆ ಅಂದರೆ ನೂಲುವುದು ಮಾತ್ರ. ಬಾವಿಗೆ ರಾಟೆಯನ್ನು ಯಾರು ತಂದರು?

ಕಂದಪ್ರಿಯ: ಬಾವಿಯೇ ಮೊದಲು! ಪಂಚತಂತ್ರದಲ್ಲಿ ಗಂಗದತ್ತನೆಂಬ ಕಪ್ಪೆ ದಾಯಾದಿಗಳ ಕಾಟ ತಾಳಲಾರದೆ ಬಾವಿಯಿಂದ ಮೇಲೆ ಬಂದದ್ದು ಅರಘಟ್ಟದ ಗಡಿಗೆ ಹಿಡಿದು. ನೂಲಿನ ಅರ್ಥ ಆಮೇಲೆ ಸೇರಿದ್ದು. ಎರಡೂ ತಿರುಗುತ್ತವಲ್ಲ.

ಗುರುಲಘು: ಕಪ್ಪೆಯ ಕಥೆ ಸೊಗಸಾಗಿದೆ. ಸಮಾಸ ಇನ್ನೂ ಬಾವಿಯಲ್ಲೇ ಇದೆ.

ಮಲ್ಲಿಗೆಹಂಬು:
ಬೇಟದ ನಲ್ಲಂ ಬಾರದೆ
ನೋಟಂ ಮಂಜಾಗೆ ಕಣ್ಣ ಪನಿ ನೂಲ್ಗಿಳಿಯಲ್
ಪಾಟಲನಯನೆಯು ಕೈಯಿಂ
ರಾಟೆಯ ತಿರುಪಲ್ಕೆ ನೂಲು ನೀರಾದುದಲಾ

ಸಭಾಪತಿ: ಲೇಸು.

ಕಂದಪ್ರಿಯ: ಅರಿಸಮಾಸಕ್ಕೆ ಶಬ್ದಮಣಿದರ್ಪಣದ ವೈಯಾಕರಣ ಕೇಶಿರಾಜನೇ ಬಿರುದುಗಳಲ್ಲಿ, ಹಿಂದಿನವರ ಪ್ರಯೋಗಗಳಲ್ಲಿ ರಿಯಾಯಿತಿ ಕೊಟ್ಟಿದ್ದಾನೆ.

ಗುರುಲಘು: ರಾಟೆಚಕ್ರ ಯಾವ ಅರಸನ ಬಿರುದು? ಹಿಂದಿನವರು ಎಂದರೆ ನೀವೇ ಹೋದ ವಾರ ಬರೆದದ್ದೇ? "ರಾಟೆಗಾಲಿಯಂ ಪಿಡಿದೆಳೆದಳ್" ಎನ್ನಿ, ಮುಗಿಯಿತು. ಒಂದು ಮಾತ್ರೆಯೂ ಅಲುಗುವುದಿಲ್ಲ.

ಕಂದಪ್ರಿಯ: ಗಾಲಿ ಬಂಡಿಗೆ. ಬಾವಿಯ ಮೇಲೆ ಗಾಲಿ ಕಟ್ಟುವ ಊರು ನಿಮ್ಮದಿರಬೇಕು. ಕಳೆದ ಸಲ ನನ್ನ ಶಿಥಿಲದ್ವಿತ್ವಕ್ಕೂ, ಹಿಂದಿನ ಅಕ್ಷರವನ್ನು ಗುರುವಾಗಿಸದ ಆ ಸಡಿಲ ಒತ್ತಕ್ಷರಕ್ಕೂ, ಹೀಗೆಯೇ ಮೂಗು ಮುರಿದಿರಿ.

ಗುರುಲಘು: ಅದು ಶಿಥಿಲವಾಗಿತ್ತು, ದ್ವಿತ್ವವಾಗಿರಲಿಲ್ಲ.

ಬಯಲುಸೀಮೆ: ಹಾಗಾದರೆ ಚರಕ ಯಾವ ಮನೆಯದು?

ಮಲ್ಲಿಗೆಹಂಬು: ಪಾರಸಿಯ ಚರ್ಖ್. ಸಂಸ್ಕೃತದ ಚಕ್ರಕ್ಕೆ ಅದು ಹುಟ್ಟಿನಿಂದಲೇ ದಾಯಾದಿ, ಮೂಲ ಒಂದೇ.

ಗುರುಲಘು: ಅಂದರೆ ಕಂದಪ್ರಿಯರು ಚರಕಚಕ್ರ ಎಂದಿದ್ದರೆ ಚಕ್ರಚಕ್ರ ಎಂದಂತಾಗುತ್ತಿತ್ತು. ಅಷ್ಟರಮಟ್ಟಿಗೆ ಅವರು ಬಚಾವಾದರು.

ಕಂದಪ್ರಿಯ: ಪದ್ಯ ಹಾಗೆಯೇ ಇರುತ್ತದೆ. ಬೇಕಾದವರು ಗಾಲಿ ಜೋಡಿಸಿಕೊಂಡು ಓದಲಿ.

ಸಭಾಪತಿ: ಮುಂದಿನ ಸಮಸ್ಯೆ ಶುಕ್ರವಾರ. ಸುತ್ತುವ ವಸ್ತು ಯಾವುದೂ ಅದರಲ್ಲಿರುವುದಿಲ್ಲ.