ಅಮ್ಲೋಡಿಪಿನ್ ತಗೊಂಡ್ರೆ ಕಾಲು ಊದುತ್ತಾ? ಬಳಸಿದವರು ಅನುಭವ ಹೇಳಿ

ಪ್ರಶ್ನೆ ಕೇಳಿದವರು:
ಅಮ್ಮನಿಗೆ 64 ವರ್ಷ. ಬಿಪಿಗೆ ಮೊದಲು ಅಮ್ಲೋಡಿಪಿನ್ 5 ಮಿ.ಗ್ರಾಂ. ಕೊಟ್ಟಿದ್ದರು. ಹಿಡಿತಕ್ಕೆ ಬರಲಿಲ್ಲ ಅಂತ 10ಕ್ಕೆ ಏರಿಸಿದರು. ಈಗ ಬಿಪಿ ಚೆನ್ನಾಗಿದೆ, ಮೇಲಿನದು 130ರ ಆಸುಪಾಸು. ಆದರೆ ಸಂಜೆಯಾಗುತ್ತಿದ್ದ ಹಾಗೆ ಎರಡೂ ಪಾದ ಊದಿಕೊಳ್ಳುತ್ತವೆ, ಚಪ್ಪಲಿ ಪಟ್ಟಿ ಒತ್ತಿದ ಗುರುತು ಆಳವಾಗಿ ಕಾಣುತ್ತೆ. ಬೆಳಿಗ್ಗೆ ಏಳುವಾಗ ಬಹುಪಾಲು ಇಳಿದಿರುತ್ತೆ. ನೆಂಟರೊಬ್ಬರು "ಕಿಡ್ನಿ ಹೋಗಿರಬೇಕು, ಮೊದಲು ಆ ಮಾತ್ರೆ ನಿಲ್ಲಿಸಿ" ಅಂತ ಹೆದರಿಸಿದ್ದಾರೆ. ಇನ್ನೊಬ್ಬರು ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ನುಂಗಿದರೆ ಇಳಿಯುತ್ತೆ ಅಂತಾರೆ.

ಇನ್ನೊಂದು ಗೊಂದಲ. ಇದು "ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್" ಅಂತೆ. ಅಮ್ಮ ಮೂಳೆಗೆಂದು ಕ್ಯಾಲ್ಸಿಯಂ ಮಾತ್ರೆಯನ್ನೂ ತಗೋತಾರೆ. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ತಡೆದ ಹಾಗಾಗಲ್ವಾ? ಮಾವನವರಿಗೂ ಇದೇ ಗುಂಪಿನ ಡಿಲ್ಟಿಯಾಜೆಮ್ ಇದೆ, ಆದರೆ ಅವರಿಗೆ ಬಿಪಿಗಲ್ಲ, ಎದೆಬಡಿತ ಏರುಪೇರಾಗುತ್ತೆ ಅಂತ. ಒಂದೇ ಜಾತಿಯ ಮಾತ್ರೆ ಎರಡು ಕಾಯಿಲೆಗೆ ಹೇಗೆ? ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಂದಿನ ವಾರ. ಅಷ್ಟರಲ್ಲಿ ಬಳಸಿದವರು, ಗೊತ್ತಿದ್ದವರು ಹೇಳಿ.

ಹಳೇ ಗಿರಾಕಿ:
ನಾನೂ ಈ ಮಾತ್ರೆಯ ಹಳೇ ಗಿರಾಕಿ. ನಿಮ್ಮಮ್ಮನಿಗೆ ಆಗಿರೋದು ನನಗೂ ಆಗಿತ್ತು. 5 ತಗೊಳ್ಳುವಾಗ ಏನೂ ಇರಲಿಲ್ಲ, 10 ಆದ ಮೇಲೆ ಕಾಲ್ಗಿಣ್ಣಿನ ಮೂಳೆಯೇ ಕಾಣದಷ್ಟು ಊತ. ಬೆರಳಲ್ಲಿ ಒತ್ತಿ ಹಿಡಿದು ಬಿಟ್ಟರೆ ಗುಂಡಿ ಬೀಳೋದು, ತುಂಬಿಕೊಳ್ಳೋಕೆ ಹೊತ್ತು ಬೇಕಾಗೋದು. ನೋವಿಲ್ಲ, ಉರಿಯಿಲ್ಲ, ಬರೀ ಭಾರ.

ಡಾಕ್ಟರು ಮೂತ್ರ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತಪರೀಕ್ಷೆ) ಪರೀಕ್ಷೆ ಮಾಡಿಸಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಎಲ್ಲ ಸರಿ ಇದೆ ಅಂತಾದ ಮೇಲೆ ಅಮ್ಲೋಡಿಪಿನ್ ಮತ್ತೆ 5ಕ್ಕೆ ಇಳಿಸಿ ಜೊತೆಗೆ ಟೆಲ್ಮಿಸಾರ್ಟನ್ ಅನ್ನೋ ಬೇರೆ ಗುಂಪಿನ ಬಿಪಿ ಮಾತ್ರೆ ಸೇರಿಸಿದರು. ಊತ ಇಳಿಯಿತು, ಆದರೆ ಮಾರನೇ ದಿನವೇ ಅಲ್ಲ, ನಿಧಾನಕ್ಕೆ. ಬಿಪಿ ಏರಲಿಲ್ಲ. ಶುರುವಿನಲ್ಲಿ ನನಗೆ ಮುಖ ಬಿಸಿಯಾಗೋದು, ತಲೆನೋವು ಕೂಡ ಇತ್ತು. ಅವು ಕೆಲವು ವಾರದಲ್ಲಿ ತಾವಾಗಿಯೇ ಹೋದವು. ಊತ ಮಾತ್ರ ತಾನಾಗಿ ಹೋಗೋ ಪೈಕಿ ಅಲ್ಲ, ಹೇಳಿಯೇ ಸರಿಮಾಡಿಸಿಕೊಳ್ಳಬೇಕು.

ಔಷಧಿ ಕೌಂಟರ್‌ನಿಂದ:
ಫಾರ್ಮಸಿಸ್ಟ್ ನಾನು. ಕ್ಯಾಲ್ಸಿಯಂ ಗೊಂದಲ ವಾರಕ್ಕೊಮ್ಮೆಯಾದರೂ ಯಾರಾದರೂ ಕೌಂಟರಿಗೆ ತಂದೇ ತರುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ದೇಹದ ಕ್ಯಾಲ್ಸಿಯಂನಲ್ಲಿ ಸುಮಾರು 99 ಪಾಲು ಮೂಳೆ, ಹಲ್ಲಿನಲ್ಲಿದೆ. ಉಳಿದ ಚೂರು ರಕ್ತದಲ್ಲೂ ಜೀವಕೋಶಗಳಲ್ಲೂ ಇರುತ್ತದೆ. ರಕ್ತನಾಳದ ಗೋಡೆಯಲ್ಲಿರುವ ಸ್ನಾಯು ಬಿಗಿಯಾಗಬೇಕಾದರೆ ಹೊರಗಿನಿಂದ ಒಂದಿಷ್ಟು ಕ್ಯಾಲ್ಸಿಯಂ ಕೋಶದೊಳಗೆ ನುಗ್ಗಬೇಕು. ಅದು ನುಗ್ಗುವ ದಾರಿಯೇ ಈ "ಚಾನೆಲ್". ಮಾತ್ರೆ ಆ ದಾರಿಯನ್ನು ಭಾಗಶಃ ಮುಚ್ಚುತ್ತದೆ. ಸ್ನಾಯು ಸಡಿಲವಾಗುತ್ತದೆ, ರಕ್ತನಾಳ ಹಿಗ್ಗುತ್ತದೆ, ಒತ್ತಡ ಇಳಿಯುತ್ತದೆ. ರಕ್ತದಲ್ಲಿನ ಕ್ಯಾಲ್ಸಿಯಂ ಮಟ್ಟವನ್ನೂ ಇದು ಕಡಿಮೆ ಮಾಡುವುದಿಲ್ಲ, ಮೂಳೆಯದನ್ನೂ ಕಸಿಯುವುದಿಲ್ಲ. ರಕ್ತದ ಮಟ್ಟವನ್ನು ಪ್ಯಾರಾಥೈರಾಯ್ಡ್ ಹಾರ್ಮೋನು, ವಿಟಮಿನ್ ಡಿ ಸೇರಿ ಬಿಗಿಯಾಗಿ ಕಾಯುತ್ತವೆ. ಕೈಕಾಲಿನ ಸ್ನಾಯುಗಳಿಗೆ ಬೇಕಾದ ಕ್ಯಾಲ್ಸಿಯಂ ಅವುಗಳೊಳಗೇ ಸಂಗ್ರಹವಾಗಿರುವುದರಿಂದ ಅವು ದುರ್ಬಲವಾಗುವ ಭಯವೂ ಇಲ್ಲ. ಡಾಕ್ಟರ್ ಹೇಳಿದ ಪ್ರಮಾಣದಲ್ಲೇ ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂದುವರಿಸಬಹುದು. ತಮಾಷೆ ಅಂದರೆ, ಕ್ಯಾಲ್ಸಿಯಂ ಮಾತ್ರೆಯ ಬಗ್ಗೆ ಎಚ್ಚರ ಬೇಕಾದದ್ದು ಬೇರೊಂದು ಬಿಪಿ ಔಷಧಿಯ ಜೊತೆ: ಕ್ಲೋರ್ಥಾಲಿಡೋನ್, ಹೈಡ್ರೋಕ್ಲೋರೋಥಯಾಜೈಡ್ ತರಹದ ನೀರಿನ ಮಾತ್ರೆ. ಅವು ಮೂತ್ರದಲ್ಲಿ ಹೋಗಬೇಕಾದ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತವೆ, ರಕ್ತದಲ್ಲಿ ಮಟ್ಟ ಏರಬಹುದು.

ಸ್ಟ್ರಿಪ್ ಮೇಲಿನ ಹೆಸರನ್ನೂ ಪೂರ್ತಿ ಓದಿ. ಎಸ್-ಅಮ್ಲೋಡಿಪಿನ್ ಅಂತ ಒಂದಿದೆ, ಅದರ 2.5 ಅಂದರೆ ಮಾಮೂಲಿ ಅಮ್ಲೋಡಿಪಿನ್ 5ಕ್ಕೆ ಸಮ. ಬ್ರ್ಯಾಂಡ್ ಬದಲಾದಾಗ "ಡೋಸ್ ಅರ್ಧ ಮಾಡಿಬಿಟ್ಟರು" ಅಂತ ಜನ ಎರಡೆರಡು ನುಂಗಿದ್ದನ್ನು ನೋಡಿದ್ದೇನೆ.

ಫಿಜಿಷಿಯನ್:
ಊತದ ವಿಷಯಕ್ಕೆ ಬರುತ್ತೇನೆ. ಪರೀಕ್ಷಿಸದೆ ಇದೇ ಅಂತ ಹೇಳಲಾರೆ. ಆದರೆ ಡೋಸ್ ಏರಿದ ಮೇಲೆ ಬಂದದ್ದು, ಎರಡೂ ಕಾಲಿಗೆ ಸಮನಾಗಿ ಬಂದದ್ದು, ಸಂಜೆ ಹೆಚ್ಚಿ ಬೆಳಿಗ್ಗೆ ಇಳಿಯುವುದು, ಈ ಮೂರೂ ಅಮ್ಲೋಡಿಪಿನ್ ಕಡೆಗೇ ಬೆರಳು ತೋರಿಸುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಕಾರಣ ಇಷ್ಟು. ಈ ಔಷಧಿ ಲೋಮನಾಳಗಳಿಗೆ (ಕೂದಲೆಳೆಯಂಥ ಅತಿ ಸಣ್ಣ ರಕ್ತನಾಳಗಳಿಗೆ) ರಕ್ತ ತರುವ ಸಣ್ಣ ಅಪಧಮನಿಗಳನ್ನು ಚೆನ್ನಾಗಿ ಹಿಗ್ಗಿಸುತ್ತದೆ. ಅಲ್ಲಿಂದ ರಕ್ತ ವಾಪಸು ಒಯ್ಯುವ ಅಭಿಧಮನಿಗಳನ್ನು ಅಷ್ಟಾಗಿ ಹಿಗ್ಗಿಸುವುದಿಲ್ಲ. ಬರುವುದು ಹೆಚ್ಚಿ ಹೋಗುವುದು ಅಷ್ಟೇ ಉಳಿದಾಗ ನಡುವಿನ ಲೋಮನಾಳಗಳಲ್ಲಿ ಒತ್ತಡ ಏರುತ್ತದೆ, ದ್ರವ ಹೊರಗೆ ಜಿನುಗುತ್ತದೆ. ನಿಂತಾಗ, ಕೂತಾಗ ಅದು ಪಾದಕ್ಕೆ ಇಳಿಯುತ್ತದೆ. ಅಂದರೆ ದೇಹದಲ್ಲಿ ನೀರು ಜಾಸ್ತಿಯಾಗಿಲ್ಲ, ಇದ್ದ ನೀರು ಜಾಗ ಬದಲಿಸಿದೆ. ಅದಕ್ಕೇ ನೀರಿನ ಮಾತ್ರೆಯಿಂದ ಇಲ್ಲಿ ಹೆಚ್ಚು ಪ್ರಯೋಜನವಿಲ್ಲ. ಅಮ್ಲೋಡಿಪಿನ್‌ನಿಂದ ಕಾಲು ಊದಿತು ಅಂತ ಫ್ಯೂರೋಸೆಮೈಡ್ ಎಂಬ ನೀರಿನ ಮಾತ್ರೆ, ಅದರಿಂದ ಪೊಟ್ಯಾಷಿಯಂ ಇಳಿಯಿತು ಅಂತ ಇನ್ನೊಂದು, ಹೀಗೆ ಒಂದು ಮಾತ್ರೆಯ ಬಾಲಕ್ಕೆ ಮತ್ತೊಂದು ಸೇರುತ್ತಾ ಹೋದ ಚೀಟಿಗಳನ್ನು ಬೇಕಾದಷ್ಟು ನೋಡಿದ್ದೇವೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಗುಂಪಿನವು ಅಭಿಧಮನಿಯ ಕಡೆಯನ್ನೂ ಸಡಿಲಿಸುವುದರಿಂದ ಮೇಲಿನವರಿಗೆ ಆದಂತೆ ಊತ ತಗ್ಗುತ್ತದೆ. ಡೋಸ್ ಇಳಿಸುವುದು ಇನ್ನೊಂದು ದಾರಿ. ಸಿಲ್ನಿಡಿಪಿನ್, ಲರ್ಕಾನಿಡಿಪಿನ್‌ನಂತಹ ಅದೇ ಕುಟುಂಬದ ಮಾತ್ರೆಗಳಲ್ಲಿ ಊತ ಕಡಿಮೆ, ಅದಕ್ಕೆ ಬದಲಿಸುವುದೂ ಉಂಟು.

ಮುಂದಿನ ವಾರದವರೆಗೆ ಕಾಯಬಾರದ ಲಕ್ಷಣಗಳು ಬೇರೆ. ಒಂದೇ ಕಾಲು ಊದಿ ನೋಯುವುದು, ಮಲಗಿದಾಗ ಉಸಿರು ಕಟ್ಟುವುದು, ಮುಖ, ಕಣ್ಣಿನ ಸುತ್ತ ಊತ, ಮೂತ್ರ ಕಡಿಮೆಯಾಗುವುದು ಅಥವಾ ನೊರೆ ನೊರೆಯಾಗಿ ಹೋಗುವುದು, ದಿಢೀರನೆ ತೂಕ ಏರುವುದು. ಇವುಗಳಲ್ಲಿ ಯಾವುದಿದ್ದರೂ ತಕ್ಷಣ ತೋರಿಸಿ. ಎದೆನೋವೂ ಅಷ್ಟೇ.

ಒಂದು ಮರುಪ್ರಶ್ನೆ: ಅಮ್ಮ ನೋವಿನ ಮಾತ್ರೆ ಏನಾದರೂ ತಗೋತಾರಾ? ಐಬುಪ್ರೊಫೆನ್, ಡೈಕ್ಲೋಫಿನಾಕ್ ಗುಂಪಿನವು ಬಿಪಿಯನ್ನೂ ಏರಿಸುತ್ತವೆ, ಕಾಲನ್ನೂ ಊದಿಸುತ್ತವೆ.

ನಿಧಾನ ನಾಡಿ:
ನಿಮ್ಮ ಮಾವನವರ ಮಾತ್ರೆಯೇ ನನ್ನದೂ. ನನಗೆ ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಅದುರಿ, ನಾಡಿ 140 ದಾಟೋದು. ಕಾರ್ಡಿಯಾಲಜಿಸ್ಟ್ ನನಗೆ ಬಿಡಿಸಿ ಹೇಳಿದ್ದು ಹೀಗೆ: ಅಮ್ಲೋಡಿಪಿನ್, ನಿಫೆಡಿಪಿನ್ ಮುಖ್ಯವಾಗಿ ರಕ್ತನಾಳದ ಮೇಲೆ ಕೆಲಸ ಮಾಡುತ್ತವೆ. ವೆರಾಪಮಿಲ್, ಡಿಲ್ಟಿಯಾಜೆಮ್ ಹೃದಯದ ಮೇಲೂ ಮಾಡುತ್ತವೆ. ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಸಂಕೇತ ದಾಟುವ ಒಂದು ಗಂಟು ಇದೆ, ಎವಿ ನೋಡ್. ಅಲ್ಲಿ ಸಂಕೇತ ಸಾಗೋದು ಕ್ಯಾಲ್ಸಿಯಂ ಬಲದಿಂದಲೇ. ಡಿಲ್ಟಿಯಾಜೆಮ್ ಅಲ್ಲಿ ವೇಗ ತಗ್ಗಿಸುತ್ತೆ, ಕೆಳಗಿನ ಕೋಣೆಗಳಿಗೆ ತುಂಬಿಕೊಳ್ಳೋಕೆ ಪುರುಸೊತ್ತು ಸಿಗುತ್ತೆ. ತಾಳ ಸರಿಹೋಗುತ್ತೆ ಅಂತಲ್ಲ, ವೇಗ ಹಿಡಿತಕ್ಕೆ ಬರುತ್ತೆ.

ಹಾಗಾಗಿ ನನಗೆ ಕಾಲು ಊದೋದಕ್ಕಿಂತ ನಾಡಿ ತೀರಾ ಇಳಿಯೋದರ ಮೇಲೆ ಕಣ್ಣು. ಬೆಳಿಗ್ಗೆ ಬಿಪಿ ಮಿಷನ್ನಲ್ಲೇ ನಾಡಿಯನ್ನೂ ನೋಡಿ ಬರೆದಿಡ್ತೀನಿ. ಎಷ್ಟಕ್ಕಿಂತ ಕೆಳಗೆ ಹೋದರೆ ಫೋನ್ ಮಾಡಬೇಕು ಅಂತ ಡಾಕ್ಟರನ್ನ ಮೊದಲೇ ಕೇಳಿಟ್ಟುಕೊಂಡಿದೀನಿ. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಬೀಟಾ ಬ್ಲಾಕರ್ (ಇವೂ ಎದೆಬಡಿತ ನಿಧಾನ ಮಾಡೋ ಮಾತ್ರೆಗಳೇ) ಇದರ ಜೊತೆ ಸೇರಿದರೆ ಹೃದಯ ವಿಪರೀತ ನಿಧಾನ ಆಗಬಹುದು. ಮಾವನವರು ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಪೂರ್ತಿ ಪಟ್ಟಿ ತೋರಿಸಲಿ. ಹೃದಯದ ಪಂಪ್ ಶಕ್ತಿ ಕಡಿಮೆ ಇರೋರಿಗೆ ಡಿಲ್ಟಿಯಾಜೆಮ್, ವೆರಾಪಮಿಲ್ ಕೊಡಲ್ಲ, ಅದಕ್ಕೇ ಮೊದಲು ಎಕೋ (ಹೃದಯದ ಸ್ಕ್ಯಾನ್) ಮಾಡಿಸೋದು. ವೆರಾಪಮಿಲ್ ತಗೋತಿದ್ದಾಗ ನನಗೆ ಮಲಬದ್ಧತೆ ಬಹಳ ಕಾಡಿತು, ಡಿಲ್ಟಿಯಾಜೆಮ್‌ಗೆ ಬದಲಿಸಿದ್ದೇ ಅದಕ್ಕೆ.

ಒಸಡು ನೋಡಿಕೊಳ್ಳಿ:
ಯಾರೂ ಹೇಳದ ಒಂದು ವಿಷಯ. ಈ ಗುಂಪಿನ ಮಾತ್ರೆಗಳಿಂದ, ಅದರಲ್ಲೂ ನಿಫೆಡಿಪಿನ್‌ನಿಂದ, ಕೆಲವರಿಗೆ ಒಸಡು ಬೆಳೆದು ಹಲ್ಲಿನ ಮೇಲೆ ಏರುತ್ತೆ. ನಮ್ಮಪ್ಪನಿಗೆ ಹಾಗಾಗಿತ್ತು. ಹಲ್ಲಿನ ಡಾಕ್ಟರು ಬಾಯಿ ನೋಡಿದ ಕೂಡಲೇ ಕೇಳಿದ ಮೊದಲ ಪ್ರಶ್ನೆ "ಬಿಪಿಗೆ ಯಾವ ಮಾತ್ರೆ?" ಅಂತ.

ಮಾತ್ರೆ ವಿರೋಧಿ:
ಇಷ್ಟೆಲ್ಲ ತೊಂದರೆ ಇರೋ ಮಾತ್ರೆ ಯಾಕೆ ಬೇಕು? ಉಪ್ಪು ಬಿಟ್ಟು, ನಡೆದು, ತೂಕ ಇಳಿಸಿ ನಾನು ಬಿಪಿ ಇಳಿಸಿಕೊಂಡಿದೀನಿ. ನಿಲ್ಲಿಸಿ ನೋಡಿ ಅಂತ ನಾನೂ ಹೇಳ್ತೀನಿ.

ಫಿಜಿಷಿಯನ್:
ನೀವು ಮಾಡಿದ್ದು ಒಳ್ಳೆಯದೇ, ಸಣ್ಣ ಪ್ರಮಾಣದ ಬಿಪಿಗೆ ಅದಷ್ಟೇ ಸಾಕಾಗುವುದೂ ಉಂಟು. ಆದರೆ ಇವರ ತಾಯಿಗೆ 5 ಮಿ.ಗ್ರಾಂ. ಕೂಡ ಸಾಲಲಿಲ್ಲ ಅನ್ನುವುದನ್ನು ಮರೆಯಬೇಡಿ. 2002ರಲ್ಲಿ ಪ್ರಕಟವಾದ ಆಲ್‌ಹ್ಯಾಟ್ ಅಧ್ಯಯನದಲ್ಲಿ 55 ದಾಟಿದ 33,000ಕ್ಕೂ ಹೆಚ್ಚು ಜನರಿಗೆ ಅಮ್ಲೋಡಿಪಿನ್, ಲಿಸಿನೋಪ್ರಿಲ್, ಕ್ಲೋರ್ಥಾಲಿಡೋನ್ ಎಂಬ ಮೂರು ಬಿಪಿ ಮಾತ್ರೆಗಳಲ್ಲಿ ಒಂದೊಂದು ಗುಂಪಿಗೆ ಒಂದೊಂದನ್ನು ಕೊಟ್ಟು ಹೋಲಿಸಿದರು. ಹೃದಯಾಘಾತ ತಡೆಯುವುದರಲ್ಲಿ ಮೂರೂ ಹೆಚ್ಚು ಕಡಿಮೆ ಸಮ. ಹೃದಯ ವೈಫಲ್ಯ ಮಾತ್ರ ಕ್ಲೋರ್ಥಾಲಿಡೋನ್‌ಗಿಂತ ಅಮ್ಲೋಡಿಪಿನ್‌ನಲ್ಲಿ ಹೆಚ್ಚು ಕಂಡಿತು. ಅದನ್ನು ಮುಚ್ಚಿಡಬೇಕಿಲ್ಲ, ಹಾಗಂತ ಕೈಬಿಡುವ ಔಷಧಿಯೂ ಅಲ್ಲ. ಅಸ್ತಮಾ ಇರುವವರಿಗೂ ಕೊಡಬಹುದು, ಪೊಟ್ಯಾಷಿಯಂ ಏರುಪೇರು ಮಾಡುವುದಿಲ್ಲ, ಎದೆನೋವಿಗೂ ಆಗುತ್ತದೆ. ಹೃದಯದ ರಕ್ತನಾಳ ಇದ್ದಕ್ಕಿದ್ದಂತೆ ಸೆಟೆದುಕೊಂಡು ನೋವು ಬರುವವರಿಗಂತೂ ಇದೇ ಗುಂಪು ಮೊದಲ ಆಯ್ಕೆ. ಬದಲಿ ಇಲ್ಲದೆ ನಿಲ್ಲಿಸಿದರೆ ಕಾಲಿನ ಊತ ಇಳಿಯುತ್ತದೆ ನಿಜ, ಬಿಪಿ ಏರುವುದು ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ವಾರ್ಡ್ ಸಿಸ್ಟರ್:
ಬಿಪಿ ಏರಿದಾಗ ನಿಫೆಡಿಪಿನ್ ಕ್ಯಾಪ್ಸೂಲ್ ಚುಚ್ಚಿ ನಾಲಿಗೆ ಕೆಳಗೆ ಹಿಂಡೋದು ಒಂದು ಕಾಲದಲ್ಲಿ ಮಾಮೂಲಿಯಾಗಿತ್ತು. ಬಿಪಿ ಧಡಕ್ಕನೆ ಬಿದ್ದು ಪಾರ್ಶ್ವವಾಯು, ಹೃದಯಾಘಾತ ಆದದ್ದು ವರದಿಯಾದ ಮೇಲೆ ಅದನ್ನು ಕೈಬಿಟ್ಟರು. ಹಳೇ ನೆನಪಲ್ಲಿ ಈಗಲೂ ಮನೆಯಲ್ಲಿ ಮಾಡುವವರಿದ್ದಾರೆ, ದಯವಿಟ್ಟು ಬೇಡ.

ದಿನಕ್ಕೊಂದರ ನಿಫೆಡಿಪಿನ್, ಡಿಲ್ಟಿಯಾಜೆಮ್ ಮಾತ್ರೆಗಳಲ್ಲಿ ಔಷಧಿ ನಿಧಾನವಾಗಿ ಬಿಡುಗಡೆಯಾಗುವ ಹಾಗೆ ಮಾಡಿರುತ್ತಾರೆ. ಅವನ್ನು ಮುರಿಯೋದು, ಕುಟ್ಟಿ ಪುಡಿ ಮಾಡೋದು ಮಾಡಬಾರದು. ನಿಫೆಡಿಪಿನ್‌ನ ಒಂದು ಬಗೆಯಲ್ಲಿ ಖಾಲಿ ಚಿಪ್ಪು ಹಾಗೇ ಮಲದಲ್ಲಿ ಹೊರಬರುತ್ತೆ, ನೋಡಿದವರು "ಮಾತ್ರೆ ಕರಗಲೇ ಇಲ್ಲ" ಅಂತ ಗಾಬರಿಯಾಗಿ ಬರ್ತಾರೆ. ಔಷಧಿ ಒಳಗೇ ಇಳಿದಿರುತ್ತೆ, ಹೊರಗೆ ಬರೋದು ಬರೀ ಕವಚ. ಅಮ್ಲೋಡಿಪಿನ್‌ಗೆ ಈ ಏರ್ಪಾಡು ಬೇಡ, ಅದು ತಾನೇ 30ರಿಂದ 50 ಗಂಟೆಯ ಅರ್ಧಾಯುಷ್ಯ (ರಕ್ತದಲ್ಲಿನ ಔಷಧಿ ಅರ್ಧಕ್ಕೆ ಇಳಿಯೋಕೆ ಬೇಕಾದ ಸಮಯ) ಇರುವ ನಿಧಾನಿ. ಅದಕ್ಕೇ ಒಂದು ಹೊತ್ತು ತಪ್ಪಿದರೆ ಎದೆಗೆಡಬೇಕಿಲ್ಲ. 12 ಗಂಟೆಯೊಳಗೆ ನೆನಪಾದರೆ ತಗೊಳ್ಳಿ, ಅದು ದಾಟಿದರೆ ಬಿಟ್ಟುಬಿಡಿ, ಮಾರನೇ ದಿನ ಎರಡು ನುಂಗಬೇಡಿ.

ಔಷಧಿ ಕೌಂಟರ್‌ನಿಂದ:
ಬೆಳಿಗ್ಗೆಯೋ ರಾತ್ರಿಯೋ ಅಂತ ಮುಂದೆ ಯಾರಾದರೂ ಕೇಳುತ್ತೀರಿ. 2022ರಲ್ಲಿ ಬಂದ ಬ್ರಿಟನ್ನಿನ ಟೈಮ್ ಅಧ್ಯಯನದಲ್ಲಿ 21,000ಕ್ಕೂ ಹೆಚ್ಚು ಜನರನ್ನು ನೋಡಿ, ಬಿಪಿ ಮಾತ್ರೆ ಯಾವ ಹೊತ್ತಿಗೆ ನುಂಗಿದರೂ ಹೃದಯಾಘಾತ, ಪಾರ್ಶ್ವವಾಯುವಿನಲ್ಲಿ ವ್ಯತ್ಯಾಸವಿಲ್ಲ ಅಂದರು. ಮರೆಯದ ಹೊತ್ತು ಯಾವುದೋ ಅದೇ ಸರಿ.

ಜೊತೆ ಔಷಧಿಗಳಲ್ಲಿ ಎರಡನ್ನು ಹೇಳಿಬಿಡುತ್ತೇನೆ. ಕೊಲೆಸ್ಟ್ರಾಲ್‌ಗೆ ಸಿಮ್ವಸ್ಟಾಟಿನ್ ಇದ್ದರೆ ಅಮ್ಲೋಡಿಪಿನ್ ಜೊತೆ ದಿನಕ್ಕೆ 20 ಮಿ.ಗ್ರಾಂ. ಮೀರಬಾರದು, ಡಿಲ್ಟಿಯಾಜೆಮ್, ವೆರಾಪಮಿಲ್ ಜೊತೆ 10. ಕ್ಲಾರಿತ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್ ಈ ಗುಂಪಿನ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಿ ಬಿಪಿ ತೀರಾ ಇಳಿಸಬಹುದು. ಗ್ರೇಪ್‌ಫ್ರೂಟ್ ರಸವೂ ಅದನ್ನೇ ಮಾಡುತ್ತದೆ, ಮುಖ್ಯವಾಗಿ ಇದೇ ಗುಂಪಿನ ಫೆಲೋಡಿಪಿನ್ ಜೊತೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರನ್ನ ಕಂಡು ಬಂದ್ವಿ. ಫಿಜಿಷಿಯನ್ ಅವರು ಕೇಳಿದ ಪ್ರಶ್ನೆ ಮನೆಯಲ್ಲೇ ಕೇಳಿದೆ, ಅಮ್ಮ ಮಂಡಿನೋವಿಗೆ ಅಂತ ಡೈಕ್ಲೋಫಿನಾಕ್ ನುಂಗ್ತಾ ಇದ್ದಿದ್ದು ಆಗ ಗೊತ್ತಾಯ್ತು. "ಅದು ನೋವಿನ ಮಾತ್ರೆ, ಅದನ್ಯಾಕೆ ಹೇಳ್ಬೇಕು" ಅಂದ್ರು! ಡಾಕ್ಟರ್ ಮೊದಲು ಅದನ್ನ ನಿಲ್ಲಿಸಿ ಪ್ಯಾರಾಸಿಟಮಾಲ್‌ಗೆ ಬದಲಿಸಿದ್ರು. ಮೂತ್ರ, ಕ್ರಿಯಾಟಿನಿನ್, ಇಸಿಜಿ ಮೂರೂ ಸರಿಯಾಗಿವೆ. ಅಮ್ಲೋಡಿಪಿನ್ 5ಕ್ಕೆ ಇಳಿಸಿ ಟೆಲ್ಮಿಸಾರ್ಟನ್ 40 ಸೇರಿಸಿದ್ದಾರೆ. ನೀರಿನ ಮಾತ್ರೆ ಕೊಡಲಿಲ್ಲ. ಊತ ಎಷ್ಟು ದಿನಕ್ಕೆ ಇಳಿಯಬಹುದು?

ಫಿಜಿಷಿಯನ್:
ಹಳೇ ಡೋಸ್ ಮೈಯಿಂದ ಇಳಿಯೋಕೇ ಒಂದು ವಾರದ ಮೇಲೆ ಹಿಡಿಯುತ್ತದೆ, ಊತ ಅದರ ಹಿಂದೆ. ಕೂತಾಗ ಕಾಲು ಎತ್ತರದಲ್ಲಿಟ್ಟುಕೊಳ್ಳಲಿ. ಟೆಲ್ಮಿಸಾರ್ಟನ್ ಶುರುವಾಗಿರುವುದರಿಂದ ಒಂದೆರಡು ವಾರ ಬಿಟ್ಟು ಕ್ರಿಯಾಟಿನಿನ್, ಪೊಟ್ಯಾಷಿಯಂ ಇನ್ನೊಮ್ಮೆ ನೋಡಿಸಿ. ನಡುವೆ ವಾಂತಿ ಭೇದಿ ಏನಾದರೂ ಆದರೆ ಆ ಮಾತ್ರೆ ಮುಂದುವರಿಸಬೇಕೋ ಬೇಡವೋ ಅಂತ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಮನೆಯಲ್ಲಿ ಬಿಪಿ ನೋಡುವಾಗ ಐದು ನಿಮಿಷ ಬೆನ್ನೊರಗಿ ಕೂತ ಮೇಲೆ, ತೋಳು ಎದೆಯ ಮಟ್ಟಕ್ಕೆ ಇಟ್ಟು, ಮಾತಾಡದೆ.

ಹಳೇ ಗಿರಾಕಿ:
ಮತ್ತೆ ಆ ಡೈಕ್ಲೋಫಿನಾಕ್ ಸ್ಟ್ರಿಪ್ ಡಬ್ಬಿಯಿಂದ ತೆಗೆದುಬಿಡಿ.