ಹೆಲಿಕ್ಸ್ ಚುಚ್ಚಿಸಿ 3 ತಿಂಗಳು, ಹಿಂಬದಿಯಲ್ಲಿ ಕೆಂಪು ಗುಳ್ಳೆ: ತೆಗೆದುಬಿಡಲಾ?

ಮಳೆಹನಿ:
ಹೆಲಿಕ್ಸ್, ಅಂದರೆ ಕಿವಿಯ ಮೇಲಂಚಿನಲ್ಲಿ ಚುಚ್ಚಿಸಿ ಹತ್ತಿರ ಹತ್ತಿರ 3 ತಿಂಗಳಾಯ್ತು. ಸೂಜಿಯಲ್ಲೇ ಚುಚ್ಚಿದ್ದು, ಗನ್ ಅಲ್ಲ. ಮೊದಮೊದಲು ಎಲ್ಲ ಸರಿಯಾಗಿತ್ತು. ಈಗ ಎರಡು ವಾರದಿಂದ ಹಿಂಬದಿಯಲ್ಲಿ, ಕಡ್ಡಿ ಹೊರಬರುವ ಜಾಗದ ಪಕ್ಕಕ್ಕೆ, ಗುಂಡುಸೂಜಿ ತಲೆಯಷ್ಟು ಕೆಂಪು ಗುಳ್ಳೆ ಎದ್ದಿದೆ. ಸುಮ್ಮನಿದ್ದಾಗ ನೋವಿಲ್ಲ, ಮುಟ್ಟಿದರೆ ಮಾತ್ರ. ಬೆಳಗ್ಗೆ ಏಳುವಾಗ ಹಳದಿ ಹಕ್ಕಳೆ ಕಟ್ಟಿರುತ್ತೆ. ದಿನಕ್ಕೆ ನಾಲ್ಕು ಸಲ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಒರೆಸ್ತೀನಿ, ಅಂಟಿಕೊಳ್ಳಬಾರದು ಅಂತ ಸ್ಟಡ್ ತಿರುಗಿಸ್ತಾನೂ ಇದ್ದೀನಿ. ಇಷ್ಟೆಲ್ಲ ಮಾಡಿದರೂ ಹೀಗೆ. ಇದು ಕೀಲಾಯ್ಡಾ? ನೆಟ್‌ನಲ್ಲಿ ಫೋಟೋಗಳನ್ನು ನೋಡಿ ಕೈಕಾಲು ತಣ್ಣಗಾಯ್ತು.

ತಿರುಪು ಕಳೆದವಳು:
ಇಷ್ಟೆಲ್ಲ ಮಾಡಿದ್ದಕ್ಕೇ ಹೀಗಾಗಿರೋದು ಅನ್ನಿಸ್ತಿದೆ ನನಗೆ. ಪೆರಾಕ್ಸೈಡ್ ಕೊಳೆಯ ಜೊತೆಗೆ ಹೊಸದಾಗಿ ಬೆಳೀತಿರೋ ಚರ್ಮವನ್ನೂ ಸುಡುತ್ತೆ. ಇವತ್ತೇ ನಿಲ್ಲಿಸಿ. ತಿರುಗಿಸೋದನ್ನೂ ನಿಲ್ಲಿಸಿ. ಗಾಯ ಎರಡೂ ಬಾಯಿಗಳಿಂದ ಒಳಕ್ಕೆ ಮಾಯ್ತಾ ಹೋಗೋದು, ಆದ್ದರಿಂದ ಹೊರಗೆ ಒಣಗಿದಂತೆ ಕಂಡರೂ ನಡುವೆ ಇನ್ನೂ ಹಸಿ ಇರುತ್ತೆ. ತಿರುಗಿಸಿದಾಗಲೆಲ್ಲ ಒಣಗಿದ ಹಕ್ಕಳೆ ಆ ಹಸಿ ಜಾಗವನ್ನು ಗೀರುತ್ತೆ. ಹಳದಿ ಹಕ್ಕಳೆಗೆ ಹೆದರಬೇಡಿ, ಅದು ಗಾಯದಿಂದ ಒಸರುವ ತಿಳಿನೀರು ಒಣಗಿದ್ದು.

ಕೀಲಾಯ್ಡ್ ಅಂದರೆ ಅತಿಯಾಗಿ ಬೆಳೆಯುವ ಗಾಯದ ಕಲೆ. ಅದು ಗಾಯದ ಗಡಿ ದಾಟಿ ಹಬ್ಬುತ್ತೆ, ಗಟ್ಟಿಯಾಗಿರುತ್ತೆ, ತಿಂಗಳುಗಟ್ಟಲೆ ನಿಧಾನವಾಗಿ ಬೆಳೀತಾ ಹೋಗುತ್ತೆ. ರಂಧ್ರದ ಬಾಯಲ್ಲೇ ಕೂತ, ಮೆತ್ತಗಿನ ಕೆಂಪು ಗುಳ್ಳೆ ಹೆಚ್ಚಿನ ಸಲ ಬರೀ ಕಿರಿಕಿರಿಯ ಗುಳ್ಳೆ. ಕಾರಣ ಹೋದರೆ ಅದೂ ಹೋಗುತ್ತೆ. ಮನೆಯಲ್ಲಿ ಯಾರಿಗಾದರೂ ಕೀಲಾಯ್ಡ್ ಇದ್ದರೆ ಮಾತ್ರ ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿಬಿಡಿ.

ಈಗ ಹೇಳಿ: ಯಾವ ಮಗ್ಗುಲಿಗೆ ಮಲಗ್ತೀರಿ? ಮೊದಲ ದಿನ ಹಾಕಿದ ಕಡ್ಡಿಯೇ ಈಗಲೂ ಇದೆಯಾ? ಲೋಹ ಯಾವುದು?

ಒಂಟಿಓಲೆ:
ಸುಮ್ಮನೆ ತೆಗೆದುಬಿಡಿ ರೀ. ನನಗೂ ಹೀಗೇ ಆಗಿತ್ತು, ತೆಗೆದ ಮೇಲೆ ವಾರದಲ್ಲಿ ವಾಸಿ.

ತಿರುಪು ಕಳೆದವಳು:
ಒಂಟಿಓಲೆಯವರೇ, ಬೇಡ ಅನ್ನಿಸಿದವರು ತೆಗೆಯಲಿ, ಅದು ಅವರಿಷ್ಟ. ಆದರೆ ಒಳಗೆ ಕೀವು ಇದ್ದಾಗ ತೆಗೆದರೆ ಎರಡೂ ಬಾಯಿ ಮುಚ್ಚಿಕೊಂಡು ಕೀವು ಒಳಗೇ ಉಳೀಬಹುದು. ಸೋಂಕಿನ ಅನುಮಾನವಿದ್ದರೆ ಡಾಕ್ಟರನ್ನು ಕೇಳಿಯೇ ತೆಗೀಬೇಕು.

ಮಳೆಹನಿ:
ಮಲಗೋದು ಎಡಮಗ್ಗುಲಿಗೆ, ಆದರೆ ಏಳೋದು ಬಲಮಗ್ಗುಲಲ್ಲಿ! ಚುಚ್ಚಿಸಿರೋದೂ ಬಲಗಿವಿಯೇ. ಕಡ್ಡಿ ಮೊದಲಿನದ್ದೇ, 8 ಮಿ.ಮೀ., ಹಿಂದೆ ಚಪ್ಪಟೆ ಬಿಲ್ಲೆ. ಕಿವಿಗೂ ಬಿಲ್ಲೆಗೂ ನಡುವೆ ಈಗ 3 ಮಿ.ಮೀ. ಸಂದು ಇದೆ. ಟೈಟಾನಿಯಂ, ಎಎಸ್‌ಟಿಎಂ ಎಫ್136 ಅಂತ ಬರೆದುಕೊಟ್ಟಿದ್ದರು. ತುರಿಕೆ ಇಲ್ಲ.

ತಿರುಪು ಕಳೆದವಳು:
ಸಿಕ್ಕಿಬಿತ್ತು. ಎಫ್136 ಅಂದರೆ ದೇಹದೊಳಗೆ ಕೂರಿಸುವ ದರ್ಜೆಯ ಟೈಟಾನಿಯಂ, ಲೋಹದ ಮೇಲೆ ಅನುಮಾನ ಬೇಡ. ನಿಕಲ್ ಅಲರ್ಜಿಯಾಗಿದ್ದರೆ ಗುಳ್ಳೆಗಿಂತ ಮೊದಲು ತುರಿಕೆ ಬರೋದು, ಅದೂ ಸುತ್ತಲೂ.

ಚುಚ್ಚುವಾಗ ಊತಕ್ಕೆ ಜಾಗ ಇರಲಿ ಅಂತ ಬೇಕೆಂದೇ ಉದ್ದ ಕಡ್ಡಿ ಹಾಕ್ತಾರೆ. ಸಾಮಾನ್ಯವಾಗಿ 4ರಿಂದ 8 ವಾರದೊಳಗೆ ಊತ ಇಳಿದ ಮೇಲೆ ಗಿಡ್ಡದು ಹಾಕಿಸಿಕೊಳ್ಳಬೇಕು. ಈ ಎರಡನೇ ಭೇಟಿಯನ್ನು ಮುಕ್ಕಾಲು ಜನ ಮರೀತಾರೆ, ನಾನೂ ಮರೆತಿದ್ದೆ. ಉದ್ದ ಕಡ್ಡಿ ದಿಂಬಿನ ಒತ್ತಡಕ್ಕೆ ಸನ್ನೆಗೋಲಿನ ಹಾಗೆ ವಾಲಿ ರಂಧ್ರದ ಒಂದೇ ಅಂಚನ್ನು ಅರೆಯುತ್ತೆ. ನಿಮ್ಮ ಗುಳ್ಳೆಯೂ ಸುತ್ತ ಇಲ್ಲ, ಒಂದೇ ಪಕ್ಕಕ್ಕಿದೆ. ಹೀಗೇ ಬಿಟ್ಟರೆ ರಂಧ್ರವೇ ಓರೆಯಾಗಿ ಮಾಯಬಹುದು. ಚುಚ್ಚಿದವರ ಹತ್ತಿರವೇ ಹೋಗಿ ಅಳತೆ ಕೊಟ್ಟು ಬದಲಿಸಿಕೊಳ್ಳಿ. ಮನೆಯಲ್ಲಿ ಕನ್ನಡಿ ಹಿಡಿದು ಸಾಹಸ ಬೇಡ, ಕಡ್ಡಿ ಹೊರಬಂದರೆ ವಾಪಸ್ ಹೋಗದೆ ಪೇಚಾಟ.

ಮಲಗೋಕೆ ಪ್ರಯಾಣದ ಕುತ್ತಿಗೆ ದಿಂಬು ಸಾಕು. ನಡುವಿನ ಖಾಲಿ ಜಾಗದಲ್ಲಿ ಕಿವಿ ಬರುವ ಹಾಗೆ ತಲೆ ಇಡಿ. ಫೋನ್ ಇನ್ನೊಂದು ಕಿವಿಗೆ. ಹೆಲ್ಮೆಟ್ ಹಾಕುವಾಗ, ತೆಗೆಯುವಾಗ ಎರಡೂ ಪಟ್ಟಿ ಅಗಲಿಸಿ.

ಶುಚಿಗೆ 0.9% ಸ್ಟೆರೈಲ್ ಸಲೈನ್, ದಿನಕ್ಕೆರಡು ಸಲ, ಅಷ್ಟೇ. ಬಾಟಲಿ ಮೇಲೆ ಸೋಡಿಯಂ ಕ್ಲೋರೈಡ್ ಮತ್ತು ನೀರು ಬಿಟ್ಟು ಬೇರೇನೂ ಇರಬಾರದು. ಕಾಂಟ್ಯಾಕ್ಟ್ ಲೆನ್ಸ್ ದ್ರಾವಣ ಬೇಡವೇ ಬೇಡ. ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತೆ, ಪೇಪರ್ ಟವಲ್‌ನಿಂದ ತೇವ ಒತ್ತಿ ತೆಗೀರಿ. ಹಕ್ಕಳೆಯನ್ನು ಉಗುರಿನಿಂದ ಕೀಳಬೇಡಿ, ಸ್ನಾನದ ನೀರಿಗೆ ನೆನೆದು ತಾನೇ ಬರುತ್ತೆ.

ಔಷಧಿ ಡಬ್ಬಿ:
ನಾನು ನರ್ಸ್, ಒಂದು ಮಾತು ಸೇರಿಸ್ತೀನಿ. ಕಿವಿಯ ಮೇಲ್ಭಾಗ ಪೂರ್ತಿ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು, ಕೆಳಗಿನ ಹಾಲೆ ಮಾತ್ರ ಎಂದಿನಂತಿದ್ದರೆ ಅದು ಮೃದ್ವಸ್ಥಿಯ (ಕಿವಿಗೆ ಆಕಾರ ಕೊಡುವ ಮೆತ್ತನೆಯ ಎಲುಬಿನ) ಹೊದಿಕೆಗೆ ಸೋಂಕು ತಗಲಿದ ಲಕ್ಷಣ. ಜ್ವರ ಬರಲಿ ಅಂತ ಕಾಯದೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಮೃದ್ವಸ್ಥಿಗೆ ತನ್ನದೇ ರಕ್ತನಾಳ ಇಲ್ಲ, ಆ ಹೊದಿಕೆಯಿಂದಲೇ ಪೋಷಣೆ. ತಡವಾದರೆ ಕಿವಿಯ ಆಕಾರವೇ ಕೆಡುತ್ತೆ. ಇದಕ್ಕೆ ಹೆಚ್ಚಾಗಿ ಕಾರಣ ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ, ಮನೆಯಲ್ಲಿ ಉಳಿದಿರೋ ಯಾವುದೋ ಮಾತ್ರೆ, ಮುಲಾಮಿಗೆ ಅದು ಬಗ್ಗಲ್ಲ.

ನತ್ತಿನ ಹುಚ್ಚು:
ನಡುವೆ ಬಾಯಿ ಹಾಕ್ತೀನಿ, ಮೂಗಿಗೂ ಇದೇ ಲೆಕ್ಕಾನಾ?

ತಿರುಪು ಕಳೆದವಳು:
ಶುಚಿ ಮಾಡೋದು ಇದೇ. ಅವಧಿ ಬೇರೆ: ಕಿವಿಹಾಲೆ 6ರಿಂದ 8 ವಾರ, ಮೂಗಿನ ಹೊಳ್ಳೆ 4ರಿಂದ 6 ತಿಂಗಳು, ಹೆಲಿಕ್ಸ್ 6 ತಿಂಗಳಿಂದ ಒಂದು ವರ್ಷ. ನೆಗಡಿಯಾದರೆ ಮೂಗನ್ನು ಮೆಲ್ಲಗೆ ಒರೆಸಿಕೊಳ್ಳಿ, ಮೇಕಪ್ ದೂರ ಇಡಿ.

ಮಳೆಹನಿ (5 ವಾರದ ನಂತರ):
6 ಮಿ.ಮೀ. ಕಡ್ಡಿ ಹಾಕಿಸಿದೆ. ಮೊದಲ ವಾರ ಗುಳ್ಳೆ ಹಾಗೇ ಇತ್ತು, ನಿಮ್ಮನ್ನೆಲ್ಲ ಮನಸ್ಸಲ್ಲೇ ಬೈದುಕೊಂಡೆ. ಆಮೇಲೆ ಕುಗ್ಗುತ್ತಾ ಬಂತು, ಈಗ ಬೆರಳಿಗೆ ತಾಗುತ್ತೆ, ಕಣ್ಣಿಗೆ ಕಾಣಲ್ಲ. ಇನ್ನು ರಿಂಗ್ ಹಾಕಬಹುದಾ?

ತಿರುಪು ಕಳೆದವಳು:
ರಿಂಗ್ ತಾನಾಗೇ ತಿರುಗ್ತಾ ಇರುತ್ತೆ, ಅದರ ಬಾಗು ರಂಧ್ರವನ್ನು ಒಂದೇ ಕಡೆಗೆ ಎಳೆಯುತ್ತೆ. ನೀವೀಗ ನಾಲ್ಕು ತಿಂಗಳು ದಾಟಿದ್ದೀರಿ ಅಷ್ಟೆ. ಮೊದಲು ಬೆರಳಿಗೂ ತಾಗದ ಹಾಗಾಗಲಿ, ಆಮೇಲೂ ಕೆಲವು ತಿಂಗಳು ಬಿಡಿ. ಮತ್ತೆ, ಬೆರಳಿಗೆ ತಾಗುತ್ತೆ ಅಂದರೆ ಮುಟ್ಟಿ ನೋಡ್ತಾ ಇದ್ದೀರಿ. ಕೈ ತೆಗೀರಿ!