ಏಳನೇ ಕ್ಲಾಸಿನ ಮಕ್ಕಳಿಗೆ ಇಂಟರ್ನೆಟ್‌ನಲ್ಲಿ ಹುಡುಕೋದನ್ನು ಹೇಗೆ ಕಲಿಸೋದು?

ಹಿರಿಯೂರು ಟೀಚರ್:
ನಮ್ಮದು ಹಿರಿಯೂರು ತಾಲ್ಲೂಕಿನ ಸರ್ಕಾರಿ ಶಾಲೆ. ಮಕ್ಕಳಿಗೆ ಮೊಬೈಲ್ ಹೊಸದೇನಲ್ಲ, ರೀಲ್ಸ್ ನೋಡೋದರಲ್ಲಿ ನನಗಿಂತ ಚುರುಕು. ಹುಡುಕಿ ಬನ್ನಿ ಅಂದರೆ ಮಾತ್ರ ಮೈಕ್ ಒತ್ತಿ ನನ್ನ ಪ್ರಶ್ನೆಯನ್ನೇ ಓದಿ, ಮೇಲೆ ಬಂದದ್ದನ್ನು ಬರೆದುಕೊಂಡು ಬರುತ್ತಾರೆ. ಮೊನ್ನೆ ‘ಮಾರಿಕಣಿವೆ ಡ್ಯಾಂ ಯಾವ ವರ್ಷ ಕೋಡಿ ಬಿದ್ದಿತ್ತು’ ಅಂತ ಕೇಳಿದೆ. ಒಬ್ಬ 1933 ಅಂದ, ಒಬ್ಬಳು 2022, ಹಿಂದಿನ ಬೆಂಚಿನವನು 2025. ‘ಗೂಗಲ್‌ನಲ್ಲೇ ಇದೆ ಮಿಸ್’ ಅಂತ ಜಗಳ ಬೇರೆ. ಮೂರೂ ಸರಿ ಅಂತ ಹೇಳಿಬಿಡೋದು ಸುಲಭ. ಅವರೇ ಕಂಡುಕೊಳ್ಳೋ ಹಾಗೆ ಮಾಡೋದು ಹೇಗೆ? ಲ್ಯಾಬ್ ಇಲ್ಲ. ನನ್ನ ಲ್ಯಾಪ್‌ಟಾಪ್, ನನ್ನ ಹಾಟ್‌ಸ್ಪಾಟ್ ಅಷ್ಟೇ.

ದಾವಣಗೆರೆ ಮೇಷ್ಟ್ರು:
ಮೇಡಂ, ಆ ಜಗಳ ಬಿಡಬೇಡಿ, ಅದೇ ಪಾಠ. ಒಂದೇ ಲ್ಯಾಪ್‌ಟಾಪ್ ಇರೋದು ಒಳ್ಳೇದೇ ಆಯ್ತು. ಒಬ್ಬರು ಟೈಪ್ ಮಾಡಲಿ, ಯಾವ ಪದ ಹಾಕಬೇಕು ಅಂತ ಉಳಿದವರು ಕೂಗಲಿ. ಒಮ್ಮೆ ‘ಮಾರಿಕಣಿವೆ’, ಒಮ್ಮೆ ‘ವಾಣಿ ವಿಲಾಸ ಸಾಗರ ಕೋಡಿ’. ಬರೋದು ಬೇರೆ ಬೇರೆ. ಎರಡು ಹೆಸರಿನ ಡ್ಯಾಂ ಪಕ್ಕದಲ್ಲೇ ಇರೋದು ನಿಮ್ಮ ಅದೃಷ್ಟ! ಆಮೇಲೆ ಪುಟ ತೆರೆದ ಕೂಡಲೇ ತಾರೀಖು ಓದಿಸಿ. 2022ಕ್ಕಿಂತ ಮೊದಲು ಬರೆದ ಪುಟದಲ್ಲಿ 1933 ಮಾತ್ರ ಇರುತ್ತೆ. ಬರೆದವರು ಸುಳ್ಳು ಹೇಳಿಲ್ಲ, ಪುಟ ಹಳೇದು. ಇದು ಗೊತ್ತಾದರೆ ಮೂರು ಉತ್ತರ ಯಾಕೆ ಬಂತು ಅಂತ ಅವರೇ ಹೇಳುತ್ತಾರೆ. ವಿಕಿಪೀಡಿಯ ಪುಟವಾದರೆ ‘ಇತಿಹಾಸ’ ಒತ್ತಿ ತೋರಿಸಿ. ಯಾರು, ಯಾವಾಗ, ಏನು ತಿದ್ದಿದರು ಅಂತ ಸಾಲಾಗಿ ಬರುತ್ತೆ.

ಚಳ್ಳಕೆರೆ ಅಪ್ಪ:
ಡ್ಯಾಂ ಆಮೇಲೆ ನೋಡ್ಕೊಳ್ಳಿ. ನನ್ನ ಮಗ ಆಡೋದು ನನ್ನ ಫೋನಲ್ಲಿ, ಫೋನ್‌ಪೇ ಇರೋದೂ ಅದರಲ್ಲೇ. ಗೇಮಿಗೆ ಫ್ರೀ ಡೈಮಂಡ್ ಅಂತ ಲಿಂಕ್ ಬಂದರೆ ಒತ್ತೇಬಿಡ್ತಾನೆ. ಓಟಿಪಿ ಯಾರಿಗೂ ಹೇಳಬಾರದು, ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅಂತ ಮೊದಲು ಕಲಿಸಿ.

ದಾವಣಗೆರೆ ಮೇಷ್ಟ್ರು:
ಅದೂ ಬೇಕು ಅಣ್ಣ. ಆದರೆ ಎರಡೂ ಒಂದೇ ಅಭ್ಯಾಸ ಅಲ್ವಾ? ಒತ್ತೋ ಮೊದಲು ಲಿಂಕಿನ ವಿಳಾಸ ಓದೋದು.

ಹಿರಿಯೂರು ಟೀಚರ್:
ಸರ್, ಈಗ ಎಲ್ಲಕ್ಕಿಂತ ಮೇಲೆ ಎಐ ಉತ್ತರ ಬರುತ್ತಲ್ಲ, ಮಕ್ಕಳು ಕೆಳಗೆ ಇಳಿಯೋದೇ ಇಲ್ಲ. ಅದಕ್ಕೇನು ಮಾಡ್ತೀರಿ?

ದಾವಣಗೆರೆ ಮೇಷ್ಟ್ರು:
ಅದರ ಜೊತೆ ಲಿಂಕ್ ಕೊಟ್ಟಿರುತ್ತೆ. ಅದನ್ನು ತೆರೆದು, ಆ ಮಾತು ಅಲ್ಲಿ ಇದೆಯಾ ಅಂತ ಬೆರಳಿಟ್ಟು ತೋರಿಸು ಅಂತೀನಿ. ಒಮ್ಮೊಮ್ಮೆ ಇರಲ್ಲ. ಆಗ ನೋಡಬೇಕು ಮಕ್ಕಳ ಖುಷಿ, ಮೇಷ್ಟ್ರ ತಪ್ಪು ಹಿಡಿದಷ್ಟು!

ಹಿರಿಯೂರು ಟೀಚರ್:
ಸರಿ, ಶನಿವಾರ ಶುರು ಮಾಡ್ತೀನಿ. ಚಳ್ಳಕೆರೆ ಸರ್, ಆ ಡೈಮಂಡ್ ಲಿಂಕ್ ಇನ್ನೂ ಇದ್ದರೆ ಒತ್ತದೆ ಬರೀ ಸ್ಕ್ರೀನ್‌ಶಾಟ್ ಕಳಿಸಿ, ಕ್ಲಾಸಲ್ಲಿ ತೋರಿಸ್ತೀನಿ.